ಮೂರು ಎಡ ರೆಕ್ಕೆಗಳು

ಮಾನ್ವಿಯ ಹೀರಾಬಿಗೆ ಸಿಟ್ಟು ಬರಿಸುವುದು ಬಹಳ ಸುಲಭ. ಅವಳು ಕೊಯ್ದ ಥರ್ಮಾಕೋಲ್ ನವಿಲನ್ನು ನೋಡಿ "ಬಾತುಕೋಳಿ ಚಲೋ ಬಂದದ" ಅಂದರೆ ಸಾಕು, ನಿಮ್ಮ ಮೂರು ತಲೆಮಾರಿನ ಮದುವೆಗೆ ಆಕೆ ಮಂಟಪ ಸಿಂಗರಿಸಲಿಕ್ಕಿಲ್ಲ. ಇಪ್ಪತ್ತೆರಡು ವರ್ಷದಿಂದ ಅದೇ ಕಸುಬು. ಮಾನ್ವಿ, ಸಿರವಾರ, ದೇವದುರ್ಗದ ಕಡೆ ಅವಳ ಜೋಡಿ ನವಿಲಿನ ನಡುವೆ ಕೂಡದೆ ಮದುವೆಯಾದವರು ಯಾರಾದರೂ ಇದ್ದರೆ, ಅವರು ಓಡಿಹೋಗಿ ಮದುವೆಯಾದವರೇ ಇರಬೇಕು.

ಆ ಕಸುಬಿನ ರೀತಿಯನ್ನು ಇಲ್ಲೇ ಹೇಳಿಬಿಡಬೇಕು. ಬಿಲ್ಲಿನಂಥ ಒಂದು ಚೌಕಟ್ಟಿಗೆ ಹೀಟರಿನ ತಂತಿ ಬಿಗಿದು ಕರೆಂಟು ಕೊಟ್ಟರೆ ತಂತಿ ಕಾಯುತ್ತದೆ. ಒಂದು ತುದಿ ಹೀರಾಬಿಯ ಕೈಯಲ್ಲಿ, ಇನ್ನೊಂದು ತುದಿ ಗಂಡ ಗುಲಾಮ್ ರಸೂಲನ ಕೈಯಲ್ಲಿ. ತಗಡಿನ ಅಚ್ಚಿನ ಮೇಲೆ ಇಬ್ಬರೂ ತಂತಿಯನ್ನು ಒಟ್ಟಿಗೆ ಎಳೆಯುತ್ತ ಹೋದರೆ ಥರ್ಮಾಕೋಲು ಸೊರ್ರೆಂದು ಕೊಯ್ದುಕೊಳ್ಳುತ್ತದೆ. ಒಂದು ನವಿಲಾದ ಮೇಲೆ ಅದೇ ಅಚ್ಚಿನಲ್ಲಿ ಇನ್ನೊಂದು. ಎರಡನೆಯದನ್ನು ಮಗುಚಿ ಹಾಕಿದರೆ ಅದರ ಮುಖ ಈ ಕಡೆ ತಿರುಗಿತು, ಜೋಡಿಯಾಯಿತು! ಮದುವೆಗೆ ಬಂದ ಹುಡುಗರು ಕೊಕ್ಕು ಮುರಿಯದೆ ಬಿಡುವುದಿಲ್ಲವಾದ್ದರಿಂದ ಮೂರನೆಯದೊಂದು ಯಾವಾಗಲೂ ಎತ್ತಿಟ್ಟಿರುತ್ತದೆ. ಒಂದು ಅಚ್ಚು, ಮೂರು ತುಂಡು, ಒಂದನ್ನು ಮಗುಚು. ಇದನ್ನು ಹೀರಾಬಿ ನಿದ್ದೆಯಲ್ಲೂ ಮಾಡುತ್ತಾಳೆ.

ಎರಡು ವರ್ಷದ ಹಿಂದೆ ಅವಳ ಅಂಗಡಿಗೆ ಅಂಬರೀಶ ಬಂದ. ಮನೆ ರಾಯಚೂರಿನಲ್ಲಿ, ಕೆಲಸ ಶಕ್ತಿನಗರದಲ್ಲಿ, ಮನಸ್ಸು ಮಾತ್ರ ಯಾವಾಗಲೂ ನೆಲದಿಂದ ನೂರಡಿ ಮೇಲೆ. ಮೂವತ್ನಾಲ್ಕು ವರ್ಷದ ಈ ಮನುಷ್ಯನಿಗೆ ನಿಜವಾದ ಗ್ಲೈಡರುಗಳ ಮಾದರಿ ಕಟ್ಟುವ ಹುಚ್ಚು. ಮೂಲದಲ್ಲಿ ಬಾಗಿಲು ಎಲ್ಲಿದೆಯೋ ಅಲ್ಲೇ ಬೆರಳಷ್ಟು ಬಾಗಿಲು, ಮೂಲದಲ್ಲಿ ಎಷ್ಟು ಮೊಳೆಯೋ ಅಷ್ಟೇ ಮೊಳೆ. ಇಂಜಿನ್ನಿಲ್ಲ, ಫ್ಯಾನಿಲ್ಲ. ಗುಡ್ಡದ ಮೇಲಿಂದ ಕೈಬಿಟ್ಟರೆ ಗಾಳಿಯ ಮೇಲೆ ತಾನೇ ತೇಲಬೇಕು, ಕೆಳಗೆ ನಿಂತವನ ಕೈಯಲ್ಲಿ ರಿಮೋಟು.

"ಚಾಚಿ, ಒಂದು ಜೋಡಿ ರೆಕ್ಕಿ ಕೊಯ್ದು ಕೊಡ್ತೀರೇನ್ರಿ?" ಎಂದು ಕೇಳಿದ್ದ.

"ಯಾವ ಹಕ್ಕಿದು? ನವಲೋ, ಗಿಳಿಯೋ?"

"ವಿಮಾನದ್ದು."

"ಹುಡುಗನ ಕಡ್ಯಾವರು ಪೈಲಟ್ ಏನು?" ಅಂದಳು ಹೀರಾಬಿ. ಮದುವೆಯಿಲ್ಲದೆಯೂ ಜನ ಥರ್ಮಾಕೋಲು ಕೊಯ್ಸುತ್ತಾರೆಂದು ಅವಳಿಗೆ ಅದುವರೆಗೆ ಗೊತ್ತಿರಲಿಲ್ಲ.

ಕೊಯ್ದು ಕೊಟ್ಟಳು. ಕೊಟ್ಟವಳು ಸುಮ್ಮನಿರದೆ, ಅದು ಹಾರುವುದನ್ನು ನೋಡಿಯೇ ಬಿಡೋಣವೆಂದು ಗಂಡನ ಮಾಲು ಆಟೋದಲ್ಲಿ ದೇವದುರ್ಗದಾಚೆಯ ಗುಡ್ಡಕ್ಕೂ ಹೋದಳು. ಅಲ್ಲಿ ಹತ್ತು ಹದಿನೈದು ಜನ ಇದ್ದರು. ಅಂಬರೀಶ ಗ್ಲೈಡರನ್ನು ಗಾಳಿಗೆ ಬಿಟ್ಟ, ಅದು ಎದ್ದಿತು, ಅಷ್ಟೂ ಜನ ಒಮ್ಮೆಲೇ ತಲೆ ಎತ್ತಿದರು. ಹೀರಾಬಿ ಗ್ಲೈಡರು ಬಿಟ್ಟು ಆ ಜನರ ಮುಖಗಳನ್ನೇ ನೋಡಿದಳು. ಮದುವೆಗೆ ಬಂದವರು ಮದುಮಗಳ ಸರ ನೋಡುತ್ತಾರೆ, ಸೀರೆ ನೋಡುತ್ತಾರೆ, ಊಟದ ಸಾಲು ಎಷ್ಟು ಉದ್ದ ಇದೆಯೆಂದು ನೋಡುತ್ತಾರೆ. ಹಿಂದಿನ ನವಿಲನ್ನು ನೋಡಿದವರನ್ನು ಅವಳು ಕಂಡೇ ಇರಲಿಲ್ಲ. ತಾನು ಕೊಯ್ದದ್ದನ್ನು ಜನ ಬಾಯಿ ತೆರೆದು ನೋಡಿದ್ದು ಅದೇ ಮೊದಲು. ಅವತ್ತಿನಿಂದ ಅಂಬರೀಶನಿಗಿಂತ ಹೀರಾಬಿಯ ಹುಚ್ಚೇ ಒಂದು ಕೈ ಮೇಲಾಯಿತು.

ಅಂಬರೀಶನ ಬಾಯಲ್ಲಿ ಯಾವಾಗಲೂ ಒಂದೇ ಮಾತು, ಏರ್‌ಫಾಯಿಲು. ಬದನೆಕಾಯಿ ಕೊಯ್ದ ಹಾಗೆ ರೆಕ್ಕೆಯನ್ನು ಅಡ್ಡ ಕೊಯ್ದರೆ ಕಾಣುವ ಆಕಾರವೇ ಏರ್‌ಫಾಯಿಲು, ಗ್ಲೈಡರಿನ ಹಣೆಬರಹವೆಲ್ಲ ಅದರಲ್ಲೇ ಇದೆ ಎಂದು ಅವನು ಬಸ್ಸಿನ ಕಂಡಕ್ಟರಿಗೂ ಹೇಳುತ್ತಿದ್ದ. ಅಂಥ ಆಕಾರಗಳಿಗೆ ಪುಸ್ತಕದಲ್ಲಿ ಅಕ್ಷರ, ಅಂಕಿ ಸೇರಿಸಿದ ಉದ್ದುದ್ದ ಹೆಸರುಗಳಿದ್ದವು. ಹೀರಾಬಿ ಅವನ್ನೆಲ್ಲ ಪಕ್ಕಕ್ಕಿಟ್ಟು ತನ್ನದೇ ಹೆಸರು ಕೊಟ್ಟುಕೊಂಡಳು. ಮೇಲೂ ಕೆಳಗೂ ಒಂದೇ ಸಮ ಉಬ್ಬಿದ್ದು 'ಮೀನು'. ಮೇಲೆ ಉಬ್ಬಿ ಕೆಳಗೆ ಚಪ್ಪಟೆ ಇದ್ದದ್ದು 'ಹಲಗಿ'. ಮೇಲೆ ಉಬ್ಬಿ ಕೆಳಗೆ ಸ್ವಲ್ಪ ತಗ್ಗು ಬಿದ್ದದ್ದು 'ಸೌಟು'. ಅಂಬರೀಶನ ಮೊದಲ ಗ್ಲೈಡರುಗಳದ್ದು ಮೀನು. ಗಾಳಿಯನ್ನು ಚೆನ್ನಾಗಿ ಸೀಳುತ್ತಿದ್ದವು, ಆದರೆ ಗಾಳಿ ಕಮ್ಮಿಯಾದರೆ ಬೇಗ ಇಳಿದುಬಿಡುತ್ತಿದ್ದವು. ಆಮೇಲೊಂದು ಹಲಗಿ ಮಾಡಿದರು. ಅದು ಬುಡದಿಂದ ತುದಿಯವರೆಗೆ ಒಂದೇ ಅಗಲದ ಒಂದೇ ಉದ್ದ ತುಂಡು. ಚೆನ್ನಾಗಿ ತೇಲಿತು, ಆದರೆ ಜೋರು ಗಾಳಿಯಲ್ಲಿ ಮುಂದೆ ಹೋಗಲೊಲ್ಲದೆ ನಿಂತಲ್ಲೇ ನಿಂತು, ಹಿಂದಕ್ಕೆ ಬಂದು, ಒಬ್ಬ ಕುರಿಗಾಹಿಯ ಟೋಪಿಯನ್ನು ಹೊತ್ತುಕೊಂಡು ಹೋಯಿತು.

ಈ ವರ್ಷ ಜನವರಿಯಲ್ಲಿ ಆದದ್ದೇ ಬೇರೆ. ಹಳೆ ಕಾಲದ ಒಂದು ತರಬೇತಿ ಗ್ಲೈಡರಿನ ಮಾದರಿ ಕಟ್ಟಿದ ಅಂಬರೀಶ, ಮೂಲದಲ್ಲಿದ್ದ ದಪ್ಪ ಏರ್‌ಫಾಯಿಲೇ ಬೇಕೆಂದು ಹಟ ಹಿಡಿದ. ಅಚ್ಚು ಕೊಟ್ಟ, ಹೀರಾಬಿ ಹಲಗಿಯ ಹಾಗೆ ಒಂದೇ ತುಂಡಾಗಿ ಕೊಯ್ದಳು, ಗುಡ್ಡದ ಮೇಲಿಂದ ಬಿಟ್ಟರು. ಅದು ಸೀದಾ ಹೋಗಿ ಕಾಲುವೆಗೆ ಬಿತ್ತು.

"ನೀರಾಗ ನೆನದ ನಿನ್ನ ಏರ್‌ಫಾಯಿಲ್ ತಗೊಂಡು ಹೋಗಪ್ಪ," ಅಂದಳು. "ದೊಡ್ಡವರ ಜುಬ್ಬಾದ ಅಳತಿ ಎಲ್ಲಾ ಸಣ್ಣದು ಮಾಡಿ ಹೊಲದ್ರ ಕೂಸಿಗಿ ಕೂಡ್ತದೇನು? ತೋಳು ಸಣ್ಣದಾತು, ಕೊರಳು ಸಣ್ಣದಾತು. ಕೂಸಿನ ಹೊಟ್ಟಿ?"

ಅಂಬರೀಶ ಅದು ನಿಜವೇ ಎಂದು ಒಪ್ಪಿಕೊಂಡ. ಸಣ್ಣ ರೆಕ್ಕೆ ನಿಧಾನಕ್ಕೆ ಹೋಗುತ್ತದೆ, ಅದಕ್ಕೆ ಗಾಳಿಯೇ ದಪ್ಪ ಅನ್ನಿಸುತ್ತದೆ, ಮೂಲದ ಆಕಾರ ಅದಕ್ಕೆ ಒಗ್ಗುವುದಿಲ್ಲ. ತೆಳ್ಳಗಿನ ಸೌಟೇ ಸರಿ ಎಂದು ತೀರ್ಮಾನವಾಯಿತು. ಆದರೆ ಹೊರಡುವಾಗ ಅವನು ಇನ್ನೊಂದು ಮಾತೂ ಆಡಿದ.

"ಚಾಚಿ, ಸಿಟ್ಟಾಗಬ್ಯಾಡ್ರಿ. ಆಷಾಢದಾಗ ಹೈದರಾಬಾದಿನವರೂ ಈ ಗುಡ್ಡಕ್ಕ ಗ್ಲೈಡರ್ ಹಾರಸಾಕ ಬರಾಕತ್ತಾರ. ಅವರ ಮುಂದೂ ಬಿತ್ತಂದ್ರ ನಾ ರೆಡಿಮೇಡ್ ರೆಕ್ಕಿ ತರಸಾಂವ. ಮಷಿನ್‌ನಾಗ ಕೊಯ್ದಿದ್ದು ಬರ್ತದ."

ಹೀರಾಬಿ ಆಟೋ ಹತ್ತಿ ಕೂತಳು. ಮಷಿನ್ನಂತೆ, ರೆಡಿಮೇಡಂತೆ! ರೆಕ್ಕೆಯ ಕೆಲಸ ಹೋದರೆ ತನ್ನ ಪಾಲಿಗೆ ಉಳಿಯುವುದು ಮತ್ತೆ ಯಾರೂ ನೋಡದ ನವಿಲುಗಳೇ ಎಂದು ಅವಳಿಗೆ ಗೊತ್ತಿತ್ತು. ಈ ವಯಸ್ಸಿನಲ್ಲಿ ಹೊಸದೊಂದು ಕಲಿತು ಅದು ಕೈತಪ್ಪಿ ಹೋಗುವುದು ಅವಳಿಗೆ ಬೇಕಾಗಿರಲಿಲ್ಲ.

ಆಷಾಢ ಬಂತು. ಮದುವೆಗಳು ನಿಂತವು, ಗಾಳಿ ಶುರುವಾಯಿತು. ಹೀರಾಬಿ ಅಂಗಡಿಯ ಅರ್ಧ ಬಾಗಿಲು ಹಾಕಿ ರೆಕ್ಕೆಗೆ ಕೂತಳು. ಈ ಸಲದ ರೆಕ್ಕೆ ಬುಡದಲ್ಲಿ ಅಗಲ, ತುದಿಗೆ ಹೋದಂತೆ ಕಿರಿದು. ಬುಡಕ್ಕೊಂದು ದೊಡ್ಡ ಅಚ್ಚು, ತುದಿಗೊಂದು ಸಣ್ಣ ಅಚ್ಚು, ಎರಡರ ಮೇಲೂ ಒಂದರಿಂದ ಹತ್ತರವರೆಗೆ ಗುರುತು. ಇಬ್ಬರೂ ಒಂದೇ ಅಂಕಿಯ ಮೇಲೆ ಒಟ್ಟಿಗೆ ಬರಬೇಕು, ಇಲ್ಲವಾದರೆ ರೆಕ್ಕೆ ತಿರುಚಿಕೊಳ್ಳುತ್ತದೆ.

"ಏಕ್... ದೋ... ತೀನ್..." ಎಂದು ಗುಲಾಮ್ ರಸೂಲ್ ಎಣಿಸುತ್ತಿದ್ದ.

"ಆಹಿಸ್ತಾ ಜೀ, ಆಹಿಸ್ತಾ! ಆಟೋ ಓಡಿಸಾಕತ್ತಿಲ್ಲ ನೀವು."

ಕೂದಲೆಳೆಯಷ್ಟೂ ಗೆರೆ ಬೀಳದ ಹಾಗೆ ಕೊಯ್ದಳು. ಒಂದು, ಎರಡು, ಮೂರು. ಹಳದಿ ಹಾಳೆ ಅಂಟಿಸಿ, ಇಸ್ತ್ರಿ ಹಾಕಿ, ಹಳೆ ಸೀರೆಯಲ್ಲಿ ಸುತ್ತಿ ಗೋಡೆಗೆ ಆನಿಸಿ ನಿಲ್ಲಿಸಿದಳು. ಆ ವಾರವೆಲ್ಲ ಅಂಬರೀಶನಿಗೆ ಶಿಫ್ಟು, ನೋಡಲು ಬರಲಾಗಲಿಲ್ಲ. ಭಾನುವಾರ ಒಂಬತ್ತಕ್ಕೆ ದೇವದುರ್ಗದಲ್ಲಿ ಸೇರಿ, ಅಲ್ಲೇ ರೆಕ್ಕೆ ಜೋಡಿಸಿ, ಹನ್ನೊಂದಕ್ಕೆ ಗುಡ್ಡ ಹತ್ತುವುದೆಂದು ಫೋನಿನಲ್ಲೇ ಮಾತಾಯಿತು.

ಭಾನುವಾರ ದೇವದುರ್ಗದ ರಸ್ತೆ ಬದಿ, ಬೇವಿನ ಮರದ ಕೆಳಗೆ, ಮೀನು ಮಾರುವ ಹುಸೇನಪ್ಪನ ಪಕ್ಕ ಆಟೋ ನಿಂತಿತು. ಬೇರೆಲ್ಲೂ ನೆರಳಿರಲಿಲ್ಲ. ಅಂಬರೀಶ ರಾಯಚೂರಿನಿಂದ ಗೆಳೆಯನ ಕಾರಿನಲ್ಲಿ ಗ್ಲೈಡರಿನ ಮೈ ತಂದಿದ್ದ. ಚಹಾ ತರಿಸಿ, ಹೀರಾಬಿ ಮದುಮಗಳ ಸೆರಗು ಸರಿಸುವವಳಂತೆ ಸೀರೆ ಬಿಚ್ಚಿ ಎರಡು ರೆಕ್ಕೆಗಳನ್ನು ಆಟೋದ ಹಲಗೆಯ ಮೇಲೆ ಎಡಬಲ ಜೋಡಿಸಿಟ್ಟಳು.

ಎಡದ ರೆಕ್ಕೆ ಸುಮ್ಮನೆ ಕೂತಿತು. ಬಲದ್ದು ಗಾಳಿಗೆ ಟಕಟಕ ತೂಗಾಡತೊಡಗಿತು.

ಹೀರಾಬಿ ಅದನ್ನು ಒತ್ತಿ ಹಿಡಿದಳು. ಬಿಟ್ಟಳು. ಮತ್ತೆ ತೂಗಾಡಿತು. ಬಗ್ಗಿ ನೋಡಿದಳು. ಎಡ ರೆಕ್ಕೆಯ ಉಬ್ಬು ಮೇಲಿತ್ತು, ತಗ್ಗು ಕೆಳಗಿತ್ತು. ಬಲ ರೆಕ್ಕೆಯ ತಗ್ಗು ಮೇಲೆ, ಉಬ್ಬು ಕೆಳಗೆ! ನವಿಲಿನ ಹಾಗೆ ಅದನ್ನೂ ಮಗುಚಿಬಿಟ್ಟಿದ್ದಳು. ಮೀನಿಗೆ ಹೊಟ್ಟೆ ಬೆನ್ನು ಒಂದೇ ಆದ್ದರಿಂದ ಇಷ್ಟು ದಿನ ನಡೆದಿತ್ತು, ಹಲಗಿಗೂ ಕಾಲುವೆಗೆ ಬಿದ್ದ ದಪ್ಪದ್ದಕ್ಕೂ ಮಗುಚುವ ಪ್ರಸಂಗವೇ ಬಂದಿರಲಿಲ್ಲ. ಸೌಟನ್ನು ಮಗುಚಿದರೆ ಒಂದು ರೆಕ್ಕೆ ಮೇಲಕ್ಕೆತ್ತುತ್ತದೆ, ಇನ್ನೊಂದು ಕೆಳಕ್ಕೆ ಜಗ್ಗುತ್ತದೆ, ಗ್ಲೈಡರು ಗಾಳಿಯಲ್ಲೇ ಉರುಳಿಕೊಂಡು ಹೋಗಿ ಬಂಡೆಗೆ ಬಡಿಯುತ್ತದೆ. ಗಡಬಡಿಸಿ ಮೂರನೆಯದನ್ನು ತೆಗೆದಳು. ಅದೂ ಅದೇ ಅಚ್ಚಿನದು. ಮೂರೂ ಎಡ ರೆಕ್ಕೆಗಳು!

ಹೀರಾಬಿ ತಲೆ ಎತ್ತಿ ನೋಡಿದಳು. ಅಂಬರೀಶ ಆ ಕಡೆ ತಿರುಗಿ ಹುಸೇನಪ್ಪನಿಗೆ ಏರ್‌ಫಾಯಿಲ್ ವಿವರಿಸುತ್ತಿದ್ದ, ಏನೂ ನೋಡಿರಲಿಲ್ಲ. ಸುಮ್ಮನಿದ್ದುಬಿಟ್ಟರೆ? ಬಿದ್ದಮೇಲೆ ಗಾಳಿಯ ಮೇಲೆ ತಪ್ಪು ಹಾಕಿದರೆ? ಹೇಳಿದರೆ ಈ ಕೆಲಸ ಇವತ್ತಿಗೇ ಮುಗಿಯಿತು. ಆದರೆ ಕಾರಿನ ಸೀಟಿನ ಮೇಲೆ ಗ್ಲೈಡರಿನ ಮೈ ಇತ್ತು. ಬೆರಳಷ್ಟು ಬಾಗಿಲು, ಒಳಗೆ ಉಗುರಷ್ಟು ಕುರ್ಚಿ. ಇವನು ಶಿಫ್ಟು ಮುಗಿಸಿ ಬಂದು ಆರು ತಿಂಗಳು ಕೂತು ಮಾಡಿದ್ದು. ಅದು ಬಂಡೆಗೆ ಬಡಿಯುವುದನ್ನು ನೋಡುತ್ತ ನಿಲ್ಲಲು ಅವಳಿಂದ ಆಗುತ್ತಿರಲಿಲ್ಲ.

"ಅಂಬರೀಶ, ಇಲ್ಲಿ ಬಾ," ಅಂದಳು. "ತಪ್ಪು ಮಾಡೀನಿ. ಬಲಗಡಿದು ಉಲ್ಟಾ ಅದ. ಹಾರಸಬ್ಯಾಡ."

ಅಂಬರೀಶ ನೋಡಿದ. ಆಮೇಲೆ ನೆಲ ನೋಡಿದ. ಬೈಯುತ್ತಾನೆ ಎಂದುಕೊಂಡಳು. ಅವನು ಬೈಯಲಿಲ್ಲ. ಕಾರಿನ ಡಿಕ್ಕಿ ತೆರೆದು ಉದ್ದನೆಯ ಒಂದು ಪೆಟ್ಟಿಗೆ ತೆಗೆದ.

"ಇರಲಿ ಬಿಡ್ರಿ ಚಾಚಿ. ಇದು... ಹೋದವಾರ ತರಿಸಿದ್ದೆ. ಹೈದರಾಬಾದಿಂದು. ಸುಮ್ನ, ಇರಲಿ ಅಂತ."

ಹೋದವಾರ! ತಾನು ಇಸ್ತ್ರಿ ಹಿಡಿದು ಬೆರಳು ಸುಟ್ಟುಕೊಳ್ಳುತ್ತಿದ್ದ ವಾರ. ಬಿದ್ದರೆ ತರಿಸುತ್ತೇನೆ ಅಂದವನು ಬೀಳುವ ಮೊದಲೇ ತರಿಸಿಟ್ಟಿದ್ದ. ಹೀರಾಬಿಗೆ ಅಳು ಬಂತು. ಅಳುವ ಹೆಂಗಸಲ್ಲವಾದ್ದರಿಂದ ಅದು ಸಿಟ್ಟಾಗಿ ಹೊರಬಿತ್ತು.

"ಟೈಮ್ ಎಷ್ಟಾತು?"

"ಒಂಬತ್ತೂವರಿ."

"ಒಂದು ತಾಸು ಕೊಡು. ನಂದು ಸರಿ ಬರಲಿಲ್ಲಂದ್ರ ಆ ನಿನ್ನ ಪೆಟ್ಟಗಿ ಬಿಚ್ಚು. ನಾ ಬಸ್ ಹತ್ತಿ ಮಾನ್ವಿಗಿ ಹೋಗ್ತೀನಿ."

ಬಿಲ್ಲು, ತಂತಿ ಆಟೋದಲ್ಲೇ ಇದ್ದವು. ಕರೆಂಟಿಗೆ ಆಟೋದ ಬ್ಯಾಟರಿ ಇತ್ತು. ಅಚ್ಚಿಗೆ ಎಣ್ಣೆ ಡಬ್ಬದ ತಗಡಿನ ಮೇಲೆ ಎಡ ರೆಕ್ಕೆಯ ಎರಡೂ ತುದಿ ಇಟ್ಟು ಗೆರೆ ಎಳೆದು ಕತ್ತರಿಸಿದಳು. ಈ ಸಲ ಅದಲುಬದಲು: ದೊಡ್ಡ ಅಚ್ಚು ಆ ಕಡೆ, ಸಣ್ಣದು ಈ ಕಡೆ, ಉಬ್ಬು ಮೇಲೆ. ಮೂರು ಸಲ ನೋಡಿಕೊಂಡಳು. ಇಲ್ಲದ್ದು ಥರ್ಮಾಕೋಲು ಒಂದೇ. ಭಾನುವಾರ, ಅಂಗಡಿಗಳೆಲ್ಲ ಮುಚ್ಚಿದ್ದವು. ಅವಳ ಕಣ್ಣು ಹುಸೇನಪ್ಪನ ಮೀನಿನ ಪೆಟ್ಟಿಗೆಯ ಮೇಲೆ ಬಿತ್ತು. ಬಿಳೀ ಮುಚ್ಚಳ, ಎರಡೂಕಾಲು ಅಡಿ ಉದ್ದ, ಒಂದಿಂಚು ದಪ್ಪ.

ಹುಸೇನಪ್ಪ ಮುಚ್ಚಳದ ಮೇಲೆ ಎರಡೂ ಕೈ ಇಟ್ಟ. "ಯವ್ವಾ, ನಿನ್ನ ಕಣ್ಣು ನೋಡಿದ್ರನ ತಿಳೀತದ. ಆಗಂಗಿಲ್ಲ. ಮುಚ್ಚಳ ಹೋದ್ರ ಬರ್ಫ ಕರಗ್ತದ, ಬರ್ಫ ಕರಗಿದ್ರ ಮೀನು ಕೆಡ್ತಾವ."

"ಒಂದು ತಾಸು, ಅಣ್ಣಾ."

"ತಾಸಿಗಿ ಕೆಡಬಾರದಂದ್ರ ಯಾರರ ಛತ್ರಿ ಹಿಡಕೊಂಡು, ಗಾಳಿ ಹಾಕ್ಕೋಂತ ನಿಂದರಬೇಕು."

ಎಲ್ಲರೂ ಗುಲಾಮ್ ರಸೂಲನ ಕಡೆ ನೋಡಿದರು. ಮೂವತ್ತು ವರ್ಷ ಸಂಸಾರ ಮಾಡಿದ ಗಂಡಸಿಗೆ ಇಂಥ ನೋಟದ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಛತ್ರಿ ಬಿಚ್ಚಿದ, ಒಂದು ರಟ್ಟಿನ ತುಂಡು ಎತ್ತಿಕೊಂಡ, ಮೀನಿನ ತಲೆಯ ಕಡೆ ಹೋಗಿ ನಿಂತ. ಮಗುಚಿಟ್ಟ ಹಳದಿ ರೆಕ್ಕೆ, ಅದರ ಜೊತೆಗೆ ಮೂರನೆಯದು, ಎರಡನ್ನೂ ಬರ್ಫಿನ ಮೇಲೆ ಅಡ್ಡ ಮುಚ್ಚಿದರು. ಹುಸೇನಪ್ಪ ಅವನ್ನು ಅನುಮಾನದಿಂದ ನೋಡಿ, "ನನ್ನ ಮೀನು ಹಾರಿ ಹೋದ್ರ ನೀವ ಹಿಡದು ಕೊಡಬೇಕು," ಅಂದ.

ಆದರೆ ತಂತಿಯ ಇನ್ನೊಂದು ತುದಿ? ಗುಲಾಮ್ ರಸೂಲನ ಎರಡೂ ಕೈ ಮೀನಿನ ಸೇವೆಗೆ ಹೋಗಿದ್ದವು.

"ನೀ ಹಿಡಿ," ಅಂದಳು ಹೀರಾಬಿ ಅಂಬರೀಶನಿಗೆ.

"ನಾ ಎಂದೂ ಹಿಡದಿಲ್ರಿ ಚಾಚಿ!"

"ಪುಸ್ತಕದಾಗ ಬರದಿಲ್ಲೇನು?"

ಪುಸ್ತಕದಲ್ಲಿ ಬರೆದಿತ್ತು. ಕೈಗೆ ಬರಲಿಲ್ಲ. ಮುಚ್ಚಳದ ಅಂಚಿನ ಚೂರೊಂದನ್ನು ಕೊಯ್ದು ನೋಡುವಾಗ ಅಂಬರೀಶ ತಂತಿಯನ್ನು ಜಗ್ಗಿ, ರೆಕ್ಕೆಯ ಬದಲು ಹಾಗಲಕಾಯಿಯಂಥದೊಂದನ್ನು ತೆಗೆದ. ಹೀರಾಬಿಯ ಬಾಯಿಂದ ಬರಬಾರದ ನಾಲ್ಕು ಮಾತು ಬಂದವು. ಏರ್‌ಫಾಯಿಲಿನ ಬಗ್ಗೆ ಎರಡು ವರ್ಷ ಪಾಠ ಹೇಳಿದ ಮನುಷ್ಯನಿಗೆ, ಆ ಆಕಾರ ಬರುವುದು ಎಷ್ಟು ಸಣ್ಣ ಜಾಗದಲ್ಲಿ, ಎಷ್ಟು ಉಸಿರು ಹಿಡಿದು ಎಂಬುದು ಆಗ ಮೊದಲ ಸಲ ತಿಳಿಯಿತು. ಅವನ ಹಣೆಯ ಬೆವರು ತಂತಿಯ ಮೇಲೆ ಬಿದ್ದು ಚುಯ್ಯೆಂದಿತು.

"ತಂತಿ ದೂಕಬ್ಯಾಡ. ಅದು ತಾನ ಹೋಗ್ತದ, ನೀ ಬರೇ ಜೊತಿಗಿ ಹೋಗು," ಅಂದಳು ಅವಳು, ದನಿ ಸ್ವಲ್ಪ ಇಳಿಸಿ. "ಜೀ, ನೀವು ಎಣಿಸ್ರಿ!"

"ಏಕ್..." ಎಂದು ಛತ್ರಿಯ ಕೆಳಗಿಂದ ಗುಲಾಮ್ ರಸೂಲ್ ಶುರು ಮಾಡಿದ. "ದೋ... ತೀನ್... ಹುಸೇನಪ್ಪ, ನೊಣ ನೋಡು... ಚಾರ್..."

ಮೀನು ಕೊಳ್ಳಲು ಬಂದವರು ಕೊಳ್ಳುವುದು ಬಿಟ್ಟು ನಿಂತರು. "ಪಾಂಚ್" ಅನ್ನುವ ಹೊತ್ತಿಗೆ ಅವರೂ ದನಿಗೂಡಿಸಿದರು. "ದಸ್" ಎಂದು ಎಲ್ಲರೂ ಕೂಗಿದಾಗ ತಂತಿ ಹಿಂದಿನ ಅಂಚಿನಿಂದ ನವಿರಾಗಿ ಹೊರಬಂತು. ಹೀರಾಬಿ ಮೇಲಿನ ಸಿಪ್ಪೆ ಎತ್ತಿದಳು. ಒಳಗೆ ರೆಕ್ಕೆಯಿತ್ತು. ಎಡ ರೆಕ್ಕೆಯ ಪಕ್ಕ ಇಟ್ಟು ನೋಡಿದಳು. ಎರಡೂ ಸುಮ್ಮನೆ ಕೂತವು.

ಹಳದಿ ಹಾಳೆ ಇರಲಿಲ್ಲ, ಖಾಕಿ ಟೇಪು ಸುತ್ತಿದರು. ಉಳಿದ ಸಿಪ್ಪೆಗೂ ಅದೇ ಟೇಪು ಸುತ್ತಿ ಹುಸೇನಪ್ಪನಿಗೆ ಮುಚ್ಚಳ ಮಾಡಿಕೊಟ್ಟರು. ಎಡ ರೆಕ್ಕೆ ಮದುಮಗನ ಹಾಗೆ ಹಳದಿ, ಬಲ ರೆಕ್ಕೆ ಪಾರ್ಸಲಿನ ಹಾಗೆ ಖಾಕಿ. ಮೇಲಾಗಿ ಮೀನಿನ ವಾಸನೆ. ಅಂಬರೀಶ ಅದನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದ. ಡಿಕ್ಕಿಯ ಪೆಟ್ಟಿಗೆಯ ಕಡೆಯೂ ಒಮ್ಮೆ ನೋಡಿದ.

"ಇದನ್ನ ಹಾಕೋಣ," ಅಂದ ಅಂಬರೀಶ.

ಗುಡ್ಡದ ಮೇಲೆ ಗಾಳಿ ಸೀರೆಯ ಸೆರಗನ್ನು ಕಿತ್ತುಕೊಂಡು ಹೋಗುವಷ್ಟಿತ್ತು. ಹೈದರಾಬಾದಿನವರು ಆಗಲೇ ಸೇರಿದ್ದರು. ಅವರಲ್ಲಿ ಮುಷರ್ರಫ್ ಎಂಬವನು ದೊಡ್ಡ ಕುಳ. ಹುಟ್ಟಿದ್ದು ರಾಯಚೂರಿನಲ್ಲೇ, ಈಗ ಹೈದರಾಬಾದಿನಲ್ಲಿ ಮಷಿನ್ ಇಟ್ಟು ರೆಡಿಮೇಡ್ ರೆಕ್ಕೆ ಮಾರುತ್ತಾನೆ. ಅಳತೆಯ ಕ್ಯಾಲಿಪರು ಅವನ ಕೊರಳಲ್ಲಿ ತಾಯಿತದಂತೆ ನೇತಾಡುತ್ತಿತ್ತು. ಅವನ ಗ್ಲೈಡರಿನ ಚೆಲುವು ನೋಡಿ ಹೀರಾಬಿ ಖಾಕಿ ರೆಕ್ಕೆಗೆ ಅಡ್ಡ ನಿಂತಳು. ಮೂಲದ್ದೇ ಏರ್‌ಫಾಯಿಲು, ಮೂಲದ್ದೇ ಬಣ್ಣ, ಒಳಗೆ ಕೂತ ಬೆರಳುದ್ದದ ಪೈಲಟ್ಟಿಗೆ ಮೀಸೆ ಸಹ ಇತ್ತು. ಬಿಟ್ಟರು. ನಲವತ್ತೇ ಸೆಕೆಂಡಿಗೆ ಅದು ತಲೆ ತಗ್ಗಿಸಿ ಹೋಗಿ ಜಾಲಿಗಿಡದಲ್ಲಿ ಕೂತಿತು. ಪೈಲಟ್ಟಿನ ಮೀಸೆಗೆ ಏನೂ ಆಗಲಿಲ್ಲ ಎಂದು ಯಾರೋ ಸಮಾಧಾನ ಹೇಳಿದರು.

ಅಂಬರೀಶನ ಸರದಿ ಬಂತು. ಖಾಕಿ ರೆಕ್ಕೆ ನೋಡಿ ನಾಲ್ಕು ಜನ ಕಿಸಕ್ಕೆಂದರು. ಒಬ್ಬ ಮೂಗು ಮುಚ್ಚಿಕೊಂಡ. ಮುಷರ್ರಫ್ ಮಾತ್ರ ನೇರವಾಗಿಯೇ ಕೇಳಿಬಿಟ್ಟ. "ಯಾಕ್ರೀ ಅಂಬರೀಶ, ಹೋದವಾರ ಕಳಿಸಿದ ನನ್ನ ರೆಕ್ಕಿ ಹಾಕಿಲ್ಲೇನು?"

ಅಂಬರೀಶ ಕೇಳಿಸದವನ ಹಾಗೆ ಗ್ಲೈಡರನ್ನು ಗಾಳಿಗೆ ಬಿಟ್ಟ.

ಅದು ಮೊದಲು ಒಂದಷ್ಟು ಕುಸಿಯಿತು. ಹೀರಾಬಿ ಕಣ್ಣು ಮುಚ್ಚಿದಳು. "ಅರೆ, ನೋಡು ನೋಡು," ಎಂದು ಗುಲಾಮ್ ರಸೂಲ್ ಅವಳ ತೋಳು ಹಿಡಿದು ಅಲುಗಿಸಿದ. ಕಣ್ಣು ಬಿಟ್ಟರೆ ಗ್ಲೈಡರು ಕಾಲ ಕೆಳಗಿನ ಬಂಡೆಗಳಿಂದೆದ್ದು ಅವರ ಮಟ್ಟಕ್ಕೆ ಬಂದು, ಮಟ್ಟವನ್ನೂ ದಾಟಿ ಏರುತ್ತಿತ್ತು. ಎಡಕ್ಕೆ ತಿರುಗಿತು, ಬಲಕ್ಕೆ ತಿರುಗಿತು. ಖಾಕಿ ರೆಕ್ಕೆ ಎಲ್ಲೂ ಬಾಗಲಿಲ್ಲ.

ಆಗ ಹದ್ದುಗಳು ಬಂದವು. ಮೀನಿನ ವಾಸನೆ ಅಷ್ಟು ದೂರ ಹೋಗುತ್ತದೋ ಇಲ್ಲವೋ ದೇವರೇ ಬಲ್ಲ. ಒಂದು ಬಂತು, ಎರಡಾಯಿತು, ಮೂರಾಯಿತು. ಒಂದು ಸೀದಾ ಬಂದು ಖಾಕಿ ರೆಕ್ಕೆಗೆ ಕಾಲು ಹಾಕಿ ನೋಡಿತು. ಗ್ಲೈಡರು ತತ್ತರಿಸಿತು.

"ಹೋಗ್ತದ! ಹೋಗ್ತದ!" ಎಂದು ಅಂಬರೀಶ ರಿಮೋಟು ಹಿಡಿದು ಚೀರಿದ.

ಹೀರಾಬಿ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದು ಬಂಡೆಯ ತುದಿಗೆ ಓಡಿದಳು. "ನಕ್ಕೋ ರೇ! ಚಲ್, ಹಟ್! ಅದರಾಗ ಮೀನಿಲ್ಲಲೇ, ಹಡಬಿಟ್ಟಿಗೋಳಾ!" ಎಂದು ಎರಡು ಭಾಷೆಯಲ್ಲಿ ಬೈದಳು. ಹದ್ದುಗಳು ಅವಳ ಮಾತಿಗೆ ಹೆದರಿದವೋ, ಟೇಪಿನ ರುಚಿ ನೋಡಿ ಬೇಸತ್ತವೋ, ದೂರ ಸರಿದು ಬಿಸಿಯಾದ ಕರಿಬಂಡೆಯ ಮೇಲೆ ಸುತ್ತತೊಡಗಿದವು. ರೆಕ್ಕೆ ಬಡಿಯದೆಯೇ ಸುತ್ತುಸುತ್ತಿ ಮೇಲೇರಿದವು. ಅದನ್ನು ನೋಡಿದ ಹೀರಾಬಿ ಚಪ್ಪಲಿಯಲ್ಲೇ ಆ ಕಡೆ ತೋರಿಸಿದಳು.

"ಅಂಬರೀಶ! ಅವು ಸುತ್ತಾಕತ್ತಾವಲ್ಲ, ಅಲ್ಲಿ ಹೋಗು! ಗಾಳಿ ಅಲ್ಲಿ ಮ್ಯಾಲ ಹೊಂಟದ!"

ಅವನು ತಿರುಗಿಸಿದ. ಗ್ಲೈಡರು ಹದ್ದುಗಳ ಸುತ್ತಿನೊಳಗೆ ಹೊಕ್ಕು, ಅವುಗಳ ಜೊತೆಗೇ ಸುತ್ತುತ್ತ, ಏರುತ್ತ ಹೋಯಿತು. ಹನ್ನೊಂದು ನಿಮಿಷ ಮೇಲಿತ್ತು. ಆ ಹನ್ನೊಂದು ನಿಮಿಷ ಗುಡ್ಡದ ಮೇಲಿದ್ದವರೆಲ್ಲ ತಲೆ ಎತ್ತಿಯೇ ನಿಂತಿದ್ದರು, ಗುಲಾಮ್ ರಸೂಲ್ ಸಣ್ಣ ದನಿಯಲ್ಲಿ ನಿಮಿಷ ಎಣಿಸುತ್ತಿದ್ದ. ಹೀರಾಬಿಯ ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಒರೆಸಿಕೊಂಡರೆ ಅಷ್ಟು ಹೊತ್ತು ನೋಡುವುದು ತಪ್ಪುತ್ತದೆ.

ಹುಲ್ಲಿನ ಮೇಲೆ ಮೆಲ್ಲಗೆ ಇಳಿದ ಗ್ಲೈಡರಿನ ಹತ್ತಿರ ಮೊದಲು ತಲುಪಿದವನು ಮುಷರ್ರಫ್. ಎಡ ರೆಕ್ಕೆಗೆ ಕ್ಯಾಲಿಪರು ಹಚ್ಚಿದ, ಬಲ ರೆಕ್ಕೆಗೆ ಹಚ್ಚಿದ, ಮತ್ತೆ ಎಡಕ್ಕೆ ಹಚ್ಚಿದ.

"ಟೇಪ್ ಬಿಟ್ರ ಎರಡೂ ಒಂದ ಅದಾವ. ಯಾವ ಮಷಿನ್‌ದು ಇದು?"

"ಮಷಿನ್ ಅಲ್ಲ," ಅಂದ ಗುಲಾಮ್ ರಸೂಲ್, ಬದುಕಿನಲ್ಲಿ ಮೊದಲ ಸಲ ಹೆಂಡತಿಗಿಂತ ಮುಂಚೆ ಬಾಯಿ ತೆರೆದು. "ನಮ್ಮ ಹೆಂಡತಿ."

ಮುಷರ್ರಫ್ ಹೀರಾಬಿಯ ಕಡೆ ತಿರುಗಿದ. ಮಷಿನ್ನು ಎಷ್ಟು ನಾಜೂಕಾಗಿ ಕೊಯ್ದರೂ ಇಷ್ಟು ತೆಳ್ಳನೆಯ ಹಿಂದಂಚು ಸುಟ್ಟುಹೋಗುತ್ತದೆ ಎಂದು ಒಪ್ಪಿಕೊಂಡ. "ನಮಗ ಕೊಯ್ದು ಕೊಡ್ತೀರೇನ್ರಿ? ಹೈದರಾಬಾದಿಗ ಕಳಸ್ರಿ. ಎಷ್ಟು ಮಾಡಿದ್ರೂ ತಗೋತೀನಿ."

ಹೀರಾಬಿ ಅಂಬರೀಶನನ್ನು ನೋಡಿದಳು. ಹನ್ನೊಂದು ನಿಮಿಷ ಹಾರಿಸಿದ ಮನುಷ್ಯ ಸೋತವನ ಹಾಗೆ ನಿಂತಿದ್ದ. ಗ್ಲೈಡರನ್ನು ಎರಡೂ ಕೈಯಲ್ಲಿ ಎದೆಗೆ ಅವುಚಿಕೊಂಡಿದ್ದ, ಕಿವಿ ಕೆಂಪಾಗಿದ್ದವು.

"ಚಾಚಿ, ಅವರದು ದೊಡ್ಡ ಕೆಲಸ," ಅಂದ ಕೊನೆಗೆ. "ನೀವು ಅವರಿಗಿ ಮಾಡ್ರಿ. ನಾ ನಿಮಗ ಹೇಳದ ತರಿಸಿದೆ. ಬಿದ್ದರ ನಿಮ್ಮ ಮುಂದ ಹೇಳಾಕ ಬಾಯಿ ಬರಂಗಿಲ್ಲ, ಅದಕ್ಕ ಮೊದಲ ತರಿಸಿಟ್ಟರ ಚಲೋ ಅಂತ... ತಪ್ಪಾತ್ರಿ."

ಅವನನ್ನು ಚಪ್ಪಲಿಯಿಂದ ಹೊಡೆಯಬೇಕೋ, ತಲೆ ಸವರಬೇಕೋ ಹೀರಾಬಿಗೆ ಒಂದು ಗಳಿಗೆ ತಿಳಿಯಲಿಲ್ಲ. ಚಪ್ಪಲಿ ಇನ್ನೂ ಕೈಯಲ್ಲೇ ಇತ್ತು. ಅದನ್ನು ಕೆಳಗೆ ಹಾಕಿ ಮೆಟ್ಟಿಕೊಂಡಳು.

"ನಿಮ್ಮದು ಆಮ್ಯಾಲ ನೋಡೋಣ್ರಿ," ಅಂದಳು ಮುಷರ್ರಫ್‌ಗೆ. "ಮೊದಲು ಇವನಿಗಿ ಒಂದು ಬಲ ರೆಕ್ಕಿ ಸರಿಯಾಗಿ ಮಾಡಿ ಕೊಡಬೇಕು."

ಆಮೇಲೆ ಅಂಬರೀಶನ ಕೈಯಿಂದ ಗ್ಲೈಡರನ್ನು ಬಿಡಿಸಿಕೊಂಡು, ಹದ್ದಿನ ಉಗುರು ತಾಗಿ ಎದ್ದ ಟೇಪನ್ನು ಹೆಬ್ಬೆರಳಿನಿಂದ ಒತ್ತಿ ಕೂಡಿಸುತ್ತ ಹೇಳಿದಳು:

"ನಾ ಉಲ್ಟಾ ಕೊಯ್ದಿದ್ದು ನನಗ ತಿಳದ ಕೂಡ್ಲೆ ನಿನಗ ಹೇಳಿದ್ನೋ ಇಲ್ಲೋ? ಮುಂದಿನ ಸಲ ನಾ ತಪ್ಪು ಮಾಡಿದ್ರ ನನಗ ಬೈ. ಬಾಯಿಗಿ ಬಂದಂಗ ಬೈ. ಪಾರ್ಸಲ್ ಮಾತ್ರ ತರಿಸಬ್ಯಾಡ."